ಹೊರಗೆ ಬಾರೋಕ್, ಒಳಗೆ ಹತ್ತು ಕಾಲ: ವಿಂಟರ್ ಪ್ಯಾಲೇಸನ್ನ ಒಂದೊಂದೇ ಕೋಣೆಯಾಗಿ ನೋಡೋದು ಹೇಗೆ

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಲ್ಲಿ, ನೇವಾ ನದಿ ದಡದ ಮೇಲಿರೋ ವಿಂಟರ್ ಪ್ಯಾಲೇಸ್, ಅಂದ್ರೆ ರಷ್ಯಾದ ದೊರೆಗಳ ಚಳಿಗಾಲದ ಅರಮನೆ ಒಳಗೆ ಒಂದು ಪುಟ್ಟ ಊಟದ ಕೋಣೆ ಇದೆ. ಬಿಳಿ ಗೋಡೆ, ಅದರ ಮೇಲೆ ಬಳ್ಳಿ ಹಬ್ಬಿದ ಹಾಗೆ ಗಾರೆ ಕೆಲಸ, ನಡುನಡುವೆ 18ನೇ ಶತಮಾನದಲ್ಲಿ ಅದೇ ಊರಿನ ಮಗ್ಗದಲ್ಲಿ ನೇಯ್ದ ಚಿತ್ರದ ಪರದೆಗಳು. ಫೋಟೋ ನೋಡಿದ ಯಾರಾದ್ರೂ "ಓಹ್, ಇದು 1750ರ ಆಸುಪಾಸಿನದ್ದು" ಅಂತಾರೆ, ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಆದ್ರೆ ಆ ಕೋಣೆಗೆ ಈ ವೇಷ ಬಂದಿದ್ದು 1894-95ರಲ್ಲಿ! ಅಂದ್ರೆ ಊರಲ್ಲಿ ಕರೆಂಟು, ಟೆಲಿಫೋನು ಎಲ್ಲಾ ಬಂದ ಮೇಲೆ. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಪಾಂಪೆ ಶೈಲಿಯ ಊಟದ ಕೋಣೆ ಇತ್ತು, ಅಂದ್ರೆ ಎರಡು ಸಾವಿರ ವರ್ಷ ಹಿಂದಿನ ರೋಮನ್ ಮನೆಯ ಥರ ಕಾಣ್ಲಿ ಅಂತ ಮಾಡಿದ್ದು. ಅದಕ್ಕೂ ಮುಂಚೆ ಇದ್ದಿದ್ದೆಲ್ಲಾ ಬೆಂಕೀಲಿ ಸುಟ್ಟು ಬೂದಿಯಾಗಿತ್ತು.

ಈ ಒಂದು ಕೋಣೆ ಅರ್ಥ ಆದ್ರೆ ಇಡೀ ಅರಮನೆ ಅರ್ಥ ಆದ ಹಾಗೆ. ಸಾಮಾನ್ಯವಾಗಿ ಯುರೋಪಿನ ಅರಮನೆಗಳ ಬಗ್ಗೆ ಓದೋವಾಗ ಬಾರೋಕ್, ರೊಕೊಕೊ, ನಿಯೋಕ್ಲಾಸಿಕಲ್ ಅಂತ ಹೆಸರುಗಳ ಮಳೆ ಸುರಿಯುತ್ತೆ, ಒಂದಾದ ಮೇಲೆ ಒಂದು ಬಂತು ಅಂತ ರೈಲಿನ ಬೋಗಿ ಜೋಡಿಸಿದ ಹಾಗೆ ಹೇಳ್ತಾರೆ, ನಿಜವಾಗ್ಲೂ ಅರಮನೆ ಒಳಗೆ ಹೋದ್ರೆ ಹಾಗೆ ಇರಲ್ಲ, ಹೊಸದು ಹಳೇ ವೇಷದಲ್ಲಿ ಕೂತಿರುತ್ತೆ, ಹಳೇದು ಅಂತ ನಾವು ಅಂದ್ಕೊಂಡಿದ್ದು ಮೂರನೇ ಸಲ ಕಟ್ಟಿದ್ದಾಗಿರುತ್ತೆ. ಹಾಗಾಗಿ ಕಾಲಕ್ಕಿಂತ ಮುಖ್ಯವಾಗಿ ಕೇಳ್ಬೇಕಾದ ಪ್ರಶ್ನೆ ಅಂದ್ರೆ, ಈ ಕೋಣೆ ಯಾರಿಗೋಸ್ಕರ? ಬಂದೋರಿಗೆ ತೋರಿಸೋಕಾ, ಇಲ್ಲಾ ತಾವು ಇರೋಕಾ?

ಮೊದಲು ಹೊರಗಿನ ಗೋಡೆ ನೋಡೋಣ, ಯಾಕಂದ್ರೆ ಅದೊಂದೇ ಸುಮಾರಾಗಿ ನೆಟ್ಟಗೆ ಉಳ್ಕೊಂಡಿರೋದು.

ಪೀಟರ್ ದೊರೆ 1703ರಲ್ಲಿ ಆ ಜೌಗು ನೆಲದಲ್ಲಿ ಊರು ಕಟ್ಟೋಕೆ ಶುರು ಮಾಡ್ದ. ಅವನ ಮೊದಲ ಚಳಿಗಾಲದ ಮನೆ ಡಚ್ಚರ ಮನೆ ಥರ ಸಣ್ಣದು. ಆಮೇಲೆ ಒಡೆದು ಕಟ್ಟಿ ಒಡೆದು ಕಟ್ಟಿ, ಕೊನೆಗೆ ಅವನ ಮಗಳು ಎಲಿಜಬೆತ್ ಮಹಾರಾಣಿ 1754ರಲ್ಲಿ ಈಗಿರೋ ಅರಮನೆ ಶುರು ಮಾಡಿಸಿದ್ಳು. ಆರ್ಕಿಟೆಕ್ಟ್ ಇಟಲಿ ಮೂಲದ ರಾಸ್ಟ್ರೆಲ್ಲಿ. ದುಡ್ಡು ಎಲ್ಲಿಂದ ಅಂತೀರಾ, ಸರ್ಕಾರಿ ಹೆಂಡದಂಗಡಿಗಳ ಆದಾಯದಿಂದ! ಆ ದುಡ್ಡೂ ಸಾಲ್ದೆ ಮತ್ತೆ ಮತ್ತೆ ಕೇಳ್ಬೇಕಾಯ್ತು, ಕಟ್ಟಡದ ಕೆಲಸ ಅಂದ್ಮೇಲೆ ಎಸ್ಟಿಮೇಟು ಒಳಗೆ ಮುಗಿಯೋದು ಯಾವ ದೇಶದಲ್ಲೂ ಇಲ್ಲ ಬಿಡಿ.

ರಾಸ್ಟ್ರೆಲ್ಲಿ ಕಟ್ಟಿದ್ದು ಬಾರೋಕ್. ಈ ಪದ ಕೇಳಿದ ತಕ್ಷಣ "ತುಂಬಾ ಡಿಸೈನು, ತುಂಬಾ ಚಿನ್ನ" ಅಂತ ಎಲ್ಲರೂ ಅಂದ್ಕೊಳ್ತಾರೆ, ಅದು ಅರ್ಧ ಮಾತ್ರ ಸರಿ. ಬಾರೋಕ್‌ನ ನಿಜವಾದ ಆಟ ಇರೋದು ನೆರಳು ಬೆಳಕಲ್ಲಿ. 200 ಮೀಟರಿಗೂ ಉದ್ದದ ಗೋಡೆ ಅಂದ್ರೆ ಸುಮ್ನೆ ಬಿಟ್ರೆ ಗೋಡೌನ್ ಥರ ಕಾಣುತ್ತೆ. ಅದಕ್ಕೆ ಅವನು ಕಂಬಗಳನ್ನ ಒಂದೇ ಅಂತರದಲ್ಲಿ ನಿಲ್ಲಿಸ್ಲಿಲ್ಲ, ಒಂದು ಕಡೆ ಗುಂಪು ಮಾಡಿದ್ದಾನೆ, ಇನ್ನೊಂದು ಕಡೆ ಬಿಡಿಸಿದ್ದಾನೆ, ಗೋಡೇನ ಕೆಲವು ಕಡೆ ಮುಂದೆ ತಂದು ಕೆಲವು ಕಡೆ ಹಿಂದೆ ತಳ್ಳಿದ್ದಾನೆ, ಕಿಟಕಿ ಸುತ್ತಲಿನ ಅಲಂಕಾರ ಒಂದೊಂದು ಸಾಲಿಗೂ ಬೇರೆ ಬೇರೆ, ಮಾಳಿಗೆ ಅಂಚಲ್ಲಿ ಉದ್ದಕ್ಕೂ ಮೂರ್ತಿಗಳು, ಹೂದಾನಿಗಳು. ಉತ್ತರ ದೇಶದ ಸೂರ್ಯ ಆಕಾಶದಲ್ಲಿ ತಗ್ಗಲ್ಲೇ ಓಡಾಡೋದ್ರಿಂದ ನೆರಳು ಉದ್ದುದ್ದ ಬೀಳುತ್ತೆ, ನೀವು ನಡೀತಾ ಹೋದ ಹಾಗೆ ಗೋಡೆ ಅಲುಗಾಡಿದ ಹಾಗೆ ಅನ್ನಿಸ್ಬೇಕು, ಅದೇ ಅವನ ಉದ್ದೇಶ. ಅಂದಾಜು 1,057 ಕೋಣೆ, 1,945 ಕಿಟಕಿ, 1,786 ಬಾಗಿಲು, 117 ಮೆಟ್ಟಿಲುಸಾಲು ಅಂತ ಲೆಕ್ಕ ಹೇಳ್ತಾರೆ, ಗುಡಿಸೋರ ಗತಿ ಏನು ಅಂತ ಯೋಚ್ನೆ ಬರುತ್ತೆ.

ತಮಾಷೆ ಅಂದ್ರೆ, ಕಟ್ಟಿಸಿದ ಎಲಿಜಬೆತ್ ಅದರಲ್ಲಿ ಒಂದು ದಿನಾನೂ ಇರ್ಲಿಲ್ಲ. ಅರಮನೆ ಮುಗಿಯೋ ಮುಂಚೆ, 1762ರ ಜನವರೀಲಿ ತೀರ್ಕೊಂಡ್ಳು (ಆಗಿನ ರಷ್ಯಾದ ಹಳೇ ಕ್ಯಾಲೆಂಡರ್ ಪ್ರಕಾರ 1761ರ ಡಿಸೆಂಬರ್ ಕೊನೆ). ಆಮೇಲೆ ಬಂದ ಮೂರನೇ ಪೀಟರ್ ಕೆಲವೇ ತಿಂಗಳು ಇದ್ದ, ಅವನನ್ನ ಹೆಂಡ್ತೀನೇ ಕೆಳಗಿಳಿಸಿದ್ಳು. ಅವಳೇ ಕ್ಯಾಥರೀನ್.

ಇಲ್ಲಿಂದ ಒಳಗಿನ ಕಥೆ ಬದಲಾಗುತ್ತೆ. ಕ್ಯಾಥರೀನಿಗೆ ರಾಸ್ಟ್ರೆಲ್ಲಿಯ ಈ ವೈಭವ ಹಿಡಿಸ್ಲಿಲ್ಲ, ಹೊಸ ಸೊಸೆ ಬಂದ ತಕ್ಷಣ ಅತ್ತೆ ಅಡುಗೆಮನೆಯ ಡಬ್ಬ ಎಲ್ಲಾ ಜಾಗ ಬದಲಾಯಿಸಿದ ಹಾಗೆ ಒಳಗಡೆ ಕೈ ಹಾಕಿದ್ಳು. ರಾಸ್ಟ್ರೆಲ್ಲಿ ವರ್ಷ ಎರಡು ವರ್ಷದಲ್ಲೇ ಕೆಲಸ ಬಿಟ್ಟು ಹೋದ. ಆದ್ರೆ ಇದು ಬರೀ ಅವಳ ಸ್ವಂತ ಇಷ್ಟ ಅಂತ ಅಂದ್ಕೊಂಡ್ರೆ ತಪ್ಪಾಗುತ್ತೆ, ಇಡೀ ಯುರೋಪಲ್ಲೇ ಗಾಳಿ ಬದಲಾಗಿತ್ತು. ಇಟಲೀಲಿ 1738ರಿಂದ ಹರ್ಕ್ಯುಲೇನಿಯಂ, 1748ರಿಂದ ಪಾಂಪೆ, ಎರಡೂ ಊರುಗಳನ್ನ ಜ್ವಾಲಾಮುಖಿಯ ಬೂದಿಯ ಅಡಿಯಿಂದ ಅಗೆದು ತೆಗೀತಾ ಇದ್ರು. ಅಲ್ಲೀವರೆಗೆ ರೋಮನ್ನರು ಅಂದ್ರೆ ದೊಡ್ಡ ದೊಡ್ಡ ಕಮಾನು, ದೇವಸ್ಥಾನ ಅಷ್ಟೇ ಗೊತ್ತಿದ್ದಿದ್ದು, ಈಗ ಅವರ ಮನೆ ಒಳಗಿನ ಗೋಡೆ, ಬಣ್ಣ, ದೀಪ, ಕುರ್ಚಿ ಎಲ್ಲಾ ಕಣ್ಣಿಗೆ ಬಿತ್ತು. ಅವು ಎಷ್ಟು ಸರಳ, ಎಷ್ಟು ಅಳತೆಬದ್ಧ ಅಂತ ನೋಡಿ ಯುರೋಪಿನ ದೊಡ್ಡೋರಿಗೆಲ್ಲಾ ತಮ್ಮ ಮನೆಯ ಬಳ್ಳಿ ಸುರುಳಿ ಎಲ್ಲಾ ಹಳೇಕಾಲದ ಆಡಂಬರ ಅನ್ನಿಸೋಕೆ ಶುರುವಾಯ್ತು. ಇದೇ ನಿಯೋಕ್ಲಾಸಿಕಲ್. ಬಾರೋಕ್‌ನಲ್ಲಿ ಕಂಬ ನಾಟಕ ಮಾಡುತ್ತೆ, ಇಲ್ಲಿ ಕಂಬ ಭಾರ ಹೊರೋ ಹಾಗೆ ನಿಂತಿರುತ್ತೆ, ಗೋಡೆ ಖಾಲಿ ಇರೋಕೆ ನಾಚ್ಕೊಳ್ಳಲ್ಲ, ಗೆರೆ ನೇರ, ಬಣ್ಣ ಕಡಿಮೆ.

ಕ್ಯಾಥರೀನ್ ಕಾಲದಲ್ಲಿ ಇಟಲಿಯ ಆರ್ಕಿಟೆಕ್ಟ್ ಕ್ವಾರೆಂಗಿ ಬಂದು ನೇವಾ ಕಡೆಯ ಸಾಲನ್ನ ಪೂರ್ತಿ ಬದಲಾಯಿಸ್ದ. ರಾಸ್ಟ್ರೆಲ್ಲಿ ಅಲ್ಲಿ ಒಂದರ ಹಿಂದೆ ಒಂದು ಐದು ಕೋಣೆ ಮಾಡಿದ್ದ, ಎಲ್ಲದರ ಬಾಗಿಲು ಒಂದೇ ನೇರಕ್ಕೆ, ಇದನ್ನ ಅವರು ಎನ್‌ಫಿಲಾಡ್ ಅಂತಾರೆ, ನಮ್ಮ ಹಳೇ ಮನೇಲಿ ಮುಂಬಾಗಿಲಲ್ಲಿ ನಿಂತ್ರೆ ಹಿತ್ತಲ ಬಾಗಿಲು ಕಾಣುತ್ತಲ್ಲ ಹಾಗೇ. ಇದರ ಕೆಲಸ ಏನಂದ್ರೆ, ಬಂದವನ ದರ್ಜೆಗೆ ತಕ್ಕ ಹಾಗೆ ಎಷ್ಟನೇ ಕೋಣೇವರೆಗೆ ಬರಬಹುದು ಅನ್ನೋದು ತೀರ್ಮಾನ ಆಗೋದು, ಚಿಕ್ಕ ಆಫೀಸರ್ ಮೊದಲ ಕೋಣೇಲಿ ನಿಲ್ತಾನೆ, ರಾಯಭಾರಿ ಕೊನೇವರೆಗೆ ಹೋಗ್ತಾನೆ. ಕ್ವಾರೆಂಗಿ 1790ರ ದಶಕದ ಶುರೂಲಿ ಆ ಐದನ್ನ ಒಡೆದು ಮೂರು ದೊಡ್ಡ ಹಾಲ್ ಮಾಡ್ದ. ಅವೇ ಇವತ್ತಿನ ಮುಂಗೋಣೆ, ದೊಡ್ಡ ಹಾಲ್, ಸಂಗೀತದ ಹಾಲ್. ಆ ದೊಡ್ಡ ಹಾಲ್‌ಗೆ ಆಮೇಲೆ ನಿಕೊಲಸ್ ಹಾಲ್ ಅಂತ ಹೆಸರಾಯ್ತು, ಸುಮಾರು 1,100 ಚದರ ಮೀಟರ್, ಅರಮನೆಯಲ್ಲೇ ಅತಿ ದೊಡ್ಡ ಕೋಣೆ. ಜೊತೆಗೆ ಸಿಂಹಾಸನಕ್ಕೆ ಅಂತಾನೇ ಸೇಂಟ್ ಜಾರ್ಜ್ ಹಾಲ್ ಕಟ್ಟಿದ, ಅದು 1795ರಲ್ಲಿ ಮುಗೀತು, ಬಣ್ಣಬಣ್ಣದ ಅಮೃತಶಿಲೇದು.

ಆದ್ರೆ ಒಂದು ವಿಷಯ ಗಮನಿಸಿ: ಇಷ್ಟೆಲ್ಲಾ ಮಾಡಿದ್ರೂ ಕ್ಯಾಥರೀನ್ ಹೊರಗಿನ ಗೋಡೆ ಮುಟ್ಟಲಿಲ್ಲ. ತನಗೆ ಬೇಕಾದ ಹೊಸ ಶೈಲೀಲಿ ಪಕ್ಕಕ್ಕೆ ಬೇರೆ ಕಟ್ಟಡಗಳನ್ನ ಸೇರಿಸ್ತಾ ಹೋದ್ಳು. 1764ರಲ್ಲಿ ಬರ್ಲಿನ್ನಿನ ಒಬ್ಬ ವ್ಯಾಪಾರಿಯಿಂದ ಚಿತ್ರಗಳ ದೊಡ್ಡ ಸಂಗ್ರಹ ಕೊಂಡ್ಕೊಂಡು, ಅದನ್ನ ಇಡೋಕೆ ಸಣ್ಣ ಹರ್ಮಿಟೇಜ್, ಆಮೇಲೆ ದೊಡ್ಡ ಹರ್ಮಿಟೇಜ್, ಆಮೇಲೆ ಕ್ವಾರೆಂಗಿ ಕೈಯಲ್ಲಿ ಒಂದು ನಾಟಕಶಾಲೆ, ಹೀಗೆ ನದಿ ಉದ್ದಕ್ಕೂ ಬೆಳೀತು. ಇವತ್ತು ಅರಮನೆ, ಈ ಕಟ್ಟಡಗಳು ಎಲ್ಲಾ ಸೇರಿ ಒಂದು ಮ್ಯೂಸಿಯಂ, ಅದಕ್ಕೆ ಹರ್ಮಿಟೇಜ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದಾನೇ. ವ್ಯಾಟಿಕನ್ನಿನಲ್ಲಿ ರಾಫೇಲ್ ಚಿತ್ರ ಬಿಡಿಸಿದ ಒಂದು ಮೊಗಸಾಲೆ ಇದೆಯಲ್ಲ, ಅದರ ಪ್ರತಿ ಬೇಕು ಅಂತ ಅವಳಿಗೆ ಆಸೆ ಆಯ್ತು, ರೋಮಿನಲ್ಲಿ ಕಲಾವಿದರು ಕ್ಯಾನ್ವಾಸ್ ಮೇಲೆ ಇಡೀ ಮೊಗಸಾಲೇನ ನಕಲು ಮಾಡಿ ಕಳಿಸಿದ್ರು, ಇಲ್ಲಿ ಗೋಡೆಗೆ ಕೂರಿಸಿದ್ರು. ಅಂದ್ರೆ "ಹಳೇದನ್ನ ತಂದು ಹೊಸದಾಗಿ ಕೂರಿಸೋ" ಚಾಳಿ 19ನೇ ಶತಮಾನದಲ್ಲಿ ಹುಟ್ಟಿದ್ದಲ್ಲ, ಆಗ್ಲೇ ಇತ್ತು.

ಅವಳ ಮಗ ಪಾಲ್‌ಗೆ ಅಮ್ಮನ ಅರಮನೆ ಕಂಡ್ರೆ ಆಗ್ತಿರ್ಲಿಲ್ಲ, ಬೇರೇನೇ ಒಂದು ಕೋಟೆ ಕಟ್ಟಿಸ್ಕೊಂಡು ಹೋದ, ಹೋಗಿ ಸುಮಾರು ನಲವತ್ತು ದಿನಕ್ಕೆ ಅಲ್ಲೇ ಕೊಲೆಯಾದ. ಆಮೇಲೆ ಬಂದ ಅಲೆಕ್ಸಾಂಡರ್ ನೆಪೋಲಿಯನ್ನನ್ನ ಸೋಲಿಸಿದೋನು, ಹಾಗಾಗಿ ಅರಮನೇಲಿ ಈಗ ಯುದ್ಧದ ವಾಸನೆ. ರೊಸ್ಸಿ ಅನ್ನೋ ಆರ್ಕಿಟೆಕ್ಟ್ 1826ರಲ್ಲಿ ಮಾಡಿದ ಮಿಲಿಟರಿ ಗ್ಯಾಲರೀಲಿ ಗೋಡೆ ತುಂಬಾ ಜನರಲ್‌ಗಳ ಮುಖಗಳು, ಮುನ್ನೂರಕ್ಕೂ ಹೆಚ್ಚು, ಇಂಗ್ಲಿಷ್ ಕಲಾವಿದ ಜಾರ್ಜ್ ಡಾವ್ ಮತ್ತು ಅವನ ಇಬ್ಬರು ಸಹಾಯಕರು ಬರೆದಿದ್ದು. ಈ ಕಾಲದ ಶೈಲಿಗೆ ಎಂಪೈರ್ ಅಂತಾರೆ. ಅದೇ ನಿಯೋಕ್ಲಾಸಿಕಲ್ಲೇ, ಆದ್ರೆ ಯೂನಿಫಾರ್ಮ್ ಹಾಕ್ಕೊಂಡಿದೆ: ಗೆಲುವಿನ ಹಾರ, ಹದ್ದು, ಕತ್ತಿ, ಗುರಾಣಿ.

ಈಗ ಬೆಂಕಿಗೆ ಬರೋಣ. ಇದೇ ಈ ಕಥೆಯ ನಡುಬಿಂದು.

ಅಲೆಕ್ಸಾಂಡರ್ ಆದ್ಮೇಲೆ ಬಂದ ಮೊದಲನೇ ನಿಕೊಲಸ್ ದೊರೆ 1833ರಲ್ಲಿ ಫ್ರೆಂಚ್ ಆರ್ಕಿಟೆಕ್ಟ್ ಮೊಂಫೆರಾಂ ಕೈಯಲ್ಲಿ ಎರಡು ಹೊಸ ಹಾಲ್ ಮಾಡಿಸಿದ್ದ, ಫೀಲ್ಡ್ ಮಾರ್ಷಲ್‌ಗಳ ಹಾಲ್ ಮತ್ತು ಊರು ಕಟ್ಟಿದ ಪೀಟರ್ ನೆನಪಿನ ಸಣ್ಣ ಸಿಂಹಾಸನದ ಕೋಣೆ. ಕೆಲಸ ಬೇಗ ಮುಗೀಬೇಕಿತ್ತು, ಒಳಗೋಡೆಗಳನ್ನ ಮರದಲ್ಲಿ ಮಾಡಿದ್ರು, ಆ ಮರದ ಗೋಡೆ ಹಿಂದೆ ಹೊಗೆ ಹೋಗೋ ಕೊಳವೆಯ ಒಂದು ಕಂಡಿ ಮುಚ್ಚದೆ ಹಾಗೇ ಉಳೀತು. ಅಷ್ಟೇ ಸಾಕಾಯ್ತು. 1837ರ ಡಿಸೆಂಬರ್ 17ರ ಸಂಜೆ ಹಳೇ ಕ್ಯಾಲೆಂಡರ್ ಪ್ರಕಾರ ಆ ಗೋಡೆ ಹಿಂದಿಂದ ಬೆಂಕಿ ಹೊರಗೆ ಬಂತು, ಮಾಳಿಗೆಯ ಒಣಗಿದ ಮರದ ತೊಲೆಗಳಿಗೆ ಹತ್ಕೊಂಡ ಮೇಲೆ ನಿಲ್ಲಿಸೋಕೆ ಯಾರಿಂದ್ಲೂ ಆಗ್ಲಿಲ್ಲ, ಸುಮಾರು ಮೂವತ್ತು ಗಂಟೆ ಉರೀತು. ಸೈನಿಕರು ಚಿತ್ರ, ಪೀಠೋಪಕರಣ, ಬೆಳ್ಳಿ ಸಾಮಾನು ಹೊತ್ತು ತಂದು ಹೊರಗೆ ಹಿಮದಲ್ಲಿ, ಅರಮನೆ ಮುಂದಿನ ಚೌಕದಲ್ಲಿರೋ ಅಲೆಕ್ಸಾಂಡರ್ ಕಂಬದ ಬುಡದಲ್ಲಿ ರಾಶಿ ಹಾಕಿದ್ರು. ಜನರಲ್‌ಗಳ ಮುಖಗಳೆಲ್ಲಾ ಉಳ್ಕೊಂಡ್ವು. ಒಂದು ದೊಡ್ಡ ಕನ್ನಡೀನ ಗೋಡೆಯಿಂದ ಬಿಚ್ಚೋಕೆ ಹೆಣಗಾಡ್ತಿದ್ದ ಸೈನಿಕರು ಜಾಗ ಬಿಟ್ಟು ಬರ್ಲಿಲ್ಲ ಅಂತ ದೊರೇನೇ ಆ ಕನ್ನಡಿ ಒಡೆದು ಅವರನ್ನ ಹೊರಗೆ ಕಳಿಸ್ದ ಅಂತ ಒಂದು ಕಥೆ ಹೇಳ್ತಾರೆ. ಹರ್ಮಿಟೇಜ್ ಕಡೆಗೆ ಹೋಗೋ ದಾರಿಗಳನ್ನ ಕಡಿದು, ಬಾಗಿಲುಗಳಿಗೆ ಇಟ್ಟಿಗೆ ಕಟ್ಟಿ, ಚಿತ್ರಸಂಗ್ರಹ ಉಳಿಸಿದ್ರು. ಅರಮನೆ ಮಾತ್ರ ಕಲ್ಲು ಇಟ್ಟಿಗೆಯ ಹೊರಗೋಡೆ ಮತ್ತು ಕೆಳಮಹಡಿಯ ಕಮಾನುಗಳಷ್ಟೇ ಉಳಿದ ಖಾಲಿ ಡಬ್ಬ ಆಯ್ತು.

ಅಂದ್ರೆ ಇವತ್ತು ನೀವು ಒಳಗೆ ನೋಡೋದ್ರಲ್ಲಿ ಬಹುಪಾಲು ಈ ಬೆಂಕಿ ಆದ್ಮೇಲಿಂದು. ಇದನ್ನ ಒಂದ್ಸಲ ತಲೇಲಿ ಇಟ್ಕೊಂಡ್ರೆ ಆಮೇಲೆ ಯಾವ ಗೈಡೂ ನಿಮಗೆ ಟೋಪಿ ಹಾಕೋಕೆ ಆಗಲ್ಲ.

ನಿಕೊಲಸ್ ಕೊಟ್ಟ ಗಡುವು ಸುಮಾರು ಒಂದೂಕಾಲು ವರ್ಷ. 1839ರ ಈಸ್ಟರ್ ಹಬ್ಬಕ್ಕೆ ದೊಡ್ಡ ಹಾಲ್‌ಗಳು ರೆಡಿ ಇರ್ಬೇಕು! ಸಾವಿರಾರು ಕೂಲಿಯೋರು ರಾತ್ರಿ ಹಗಲು ದುಡಿದ್ರು. ಆ ವರ್ಷ ರಷ್ಯಾಕ್ಕೆ ಬಂದಿದ್ದ ಫ್ರೆಂಚ್ ಪ್ರವಾಸಿ ಕುಸ್ತೀನ್ ಬರೆದಿಟ್ಟ ಪ್ರಕಾರ, ಗಾರೆ ಬೇಗ ಒಣಗ್ಲಿ ಅಂತ ಒಳಗೆ ಒಲೆಗಳನ್ನ ಧಗಧಗ ಉರಿಸ್ತಿದ್ರಂತೆ, ಹೊರಗೆ ಕೊರೆಯೋ ಚಳಿ, ಈ ಎರಡರ ಮಧ್ಯೆ ಓಡಾಡಿ ಜನ ಸತ್ರಂತೆ. ಆ ಮನುಷ್ಯನಿಗೆ ರಷ್ಯಾದ ದೊರೆಗಳ ಮೇಲೆ ಒಳ್ಳೇ ಅಭಿಪ್ರಾಯ ಇರ್ಲಿಲ್ಲ ಅನ್ನೋದೂ ನಿಜ, ಅದಕ್ಕೆ ಅವನ ಮಾತನ್ನ ಪೂರ್ತಿ ನುಂಗೋದು ಬೇಡ. ಆದ್ರೆ ಕೆಲಸ ನಡೆದ ವೇಗ ನೋಡಿದ್ರೆ ಕೂಲಿಯೋರು ಸುಖವಾಗಿದ್ರು ಅಂತ ನಂಬೋಕೂ ಆಗಲ್ಲ.

ಇಲ್ಲಿ ನಂಗೆ ತುಂಬಾ ಇಷ್ಟ ಆಗೋ ವಿಷಯ ಒಂದಿದೆ. ಕಣ್ಣಿಗೆ ಕಾಣೋದೆಲ್ಲಾ ಹಳೇ ಥರಾನೇ, ಕಣ್ಣಿಗೆ ಕಾಣದೇ ಇರೋದೆಲ್ಲಾ ಹೊಸ ತಂತ್ರಜ್ಞಾನ. ಮರದ ತೊಲೆ ಹೋಗಿ ಕಬ್ಬಿಣದ ಚೌಕಟ್ಟುಗಳು ಬಂದ್ವು, ಮೇಲಿನ ಭಾರ ಕಡಿಮೆ ಆಗ್ಲಿ ಅಂತ ಕಮಾನಿಗೆ ಒಳಗೆ ಟೊಳ್ಳಾಗಿರೋ ಮಣ್ಣಿನ ಕುಡಿಕೆಗಳನ್ನ ಜೋಡಿಸಿದ್ರು (ಕುಂಬಾರನ ಕುಡಿಕೆ ಮೇಲೆ ಅರಮನೆಯ ಸೂರು ನಿಂತಿದೆ ಅಂದ್ರೆ ನೋಡಿ), ಕೋಣೆ ಕೋಣೆಗೆ ಒಲೆ ಇಡೋ ಬದ್ಲು ಕೆಳಗೆ ಗಾಳಿ ಬಿಸಿ ಮಾಡಿ ಗೋಡೆಯೊಳಗಿನ ದಾರಿಗಳಲ್ಲಿ ಮೇಲಕ್ಕೆ ಬಿಡೋ ಅಮೋಸೊವ್ ಪದ್ಧತಿ ತಂದ್ರು. ಈ ಕಬ್ಬಿಣದ ಮೇಲೆ ಹಳೇ ಕಾಲದ ಗಾರೆ, ಚಿನ್ನದ ರೇಕು, ಚಿತ್ರ. ಇವತ್ತಿನ ಹೋಟೆಲಲ್ಲಿ ಫಾಲ್ಸ್ ಸೀಲಿಂಗ್ ಹಾಕಿ "ಪಾರಂಪರಿಕ" ಅಂತಾರಲ್ಲ, ಅದರ ಮುತ್ತಜ್ಜ ಇದು.

ಕೆಲಸವನ್ನ ಇಬ್ಬರು ಆರ್ಕಿಟೆಕ್ಟ್‌ಗಳಿಗೆ ಹಂಚಿದ್ರು, ಆ ಹಂಚಿಕೇನೇ ನಾನು ಮೊದಲು ಕೇಳಿದ ಪ್ರಶ್ನೆಗೆ ಉತ್ತರ. ದರಬಾರಿನ ದೊಡ್ಡ ಹಾಲ್‌ಗಳು, ಮೆಟ್ಟಿಲು, ಚರ್ಚು ಇವೆಲ್ಲಾ ಸ್ಟಾಸೊವ್‌ಗೆ, ದೊರೆ ಮನೆಯೋರು ಇರೋ ಕೋಣೆಗಳು ಬ್ರ್ಯುಲೊವ್‌ಗೆ. ಸ್ಟಾಸೊವ್‌ಗೆ ಹೇಳಿದ್ದು, ಮುಂಚೆ ಹೇಗಿತ್ತೋ ಹಾಗೇ ಮಾಡು. ಬ್ರ್ಯುಲೊವ್‌ಗೆ ಹೊಸ ಫ್ಯಾಷನ್ನಿಗೆ ತಕ್ಕ ಹಾಗೆ ಮಾಡೋ ಸ್ವಾತಂತ್ರ್ಯ ಸಿಕ್ತು. ನಾವೇ ಮದುವೆಗೆ ಹೋಗೋವಾಗ ಅಜ್ಜಿ ಕಾಲದ ಜರಿ ಸೀರೆ ಉಟ್ಕೊಂಡು ಮನೇಲಿ ನೈಟಿ ಹಾಕ್ಕೊಳ್ಳಲ್ವಾ, ಅದೇ ಲೆಕ್ಕ. ಜನ ನೋಡೋ ಜಾಗದಲ್ಲಿ ವಂಶ ಎಷ್ಟು ಹಳೇದು, ಎಷ್ಟು ಗಟ್ಟಿ ಅಂತ ತೋರಿಸ್ಬೇಕು, ಅಲ್ಲಿ ಫ್ಯಾಷನ್ ಮಾಡೋ ಹಾಗಿಲ್ಲ. ಒಳಮನೆಗೆ ಬಂದ್ರೆ ಈ ವರ್ಷ ಪ್ಯಾರಿಸಲ್ಲಿ ಏನು ನಡೀತಿದೆ ಅಂತ ನೋಡ್ಬಹುದು.

ಸ್ಟಾಸೊವ್ ಮಾಡಿದ "ಹಾಗೇ" ಎಷ್ಟು ಹಾಗೇ ಅಂತ ನೋಡೋಕೆ ಜೋರ್ಡನ್ ಮೆಟ್ಟಿಲು ಸಾಕು. ಜನವರಿ ಹಬ್ಬದ ದಿನ ದೊರೆ ಈ ಮೆಟ್ಟಿಲಿಳಿದು ನೇವಾ ನದಿಗೆ ಹೋಗಿ ನೀರಿನ ಪೂಜೆ ಮಾಡಿಸ್ತಿದ್ದ, ಯೇಸು ಜೋರ್ಡನ್ ನದೀಲಿ ದೀಕ್ಷೆ ತಗೊಂಡ ನೆನಪಿಗೆ ಆ ಹೆಸರು. ಮೇಲೆ ನೋಡಿದ್ರೆ ಪೂರಾ ರಾಸ್ಟ್ರೆಲ್ಲಿ: ಬಿಳಿ, ಚಿನ್ನ, ಕನ್ನಡಿ, ಎರಡು ಕಡೆಯಿಂದ ಬಂದು ಸೇರೋ ಮೆಟ್ಟಿಲು. ಆದ್ರೆ ರಾಸ್ಟ್ರೆಲ್ಲಿ ಹಾಕಿದ್ದ ಗುಲಾಬಿ ಛಾಯೆಯ ಕಂಬಗಳ ಜಾಗದಲ್ಲಿ ಸ್ಟಾಸೊವ್ ಬೂದುಬಣ್ಣದ ಗ್ರಾನೈಟ್ ಕಂಬ ನಿಲ್ಲಿಸಿದ್ದಾನೆ, ಲೋಹದ ಕಟಕಟೆ ತೆಗೆದು ಬಿಳಿ ಅಮೃತಶಿಲೇದು ಹಾಕಿದ್ದಾನೆ. ಚಾವಣಿಯ ಮೂಲ ಚಿತ್ರ ಸುಟ್ಟು ಹೋಗಿತ್ತು, ಅದಕ್ಕೆ ಗೋದಾಮಲ್ಲಿ ಬಿದ್ದಿದ್ದ ಡಿಜಿಯಾನಿ ಅನ್ನೋ ಇಟಲಿ ಕಲಾವಿದನ 18ನೇ ಶತಮಾನದ ದೇವಲೋಕದ ಚಿತ್ರ ತಂದು ಹಾಕಿದ್ರು, ಅಳತೆ ಚಿಕ್ಕದಾಯ್ತು, ಸುತ್ತ ಉಳಿದ ಜಾಗಕ್ಕೆ ಬಣ್ಣ ಬಳಿದು ತುಂಬಿಸಿದ್ರು! ಆ ಬೂದು ಕಂಬಗಳನ್ನ ನೋಡಿದ್ರೇನೇ ಗೊತ್ತಾಗುತ್ತೆ, ಇದು ಬಾರೋಕನ್ನ ನೆನಪು ಮಾಡ್ಕೊಂಡು ಮಾಡಿರೋ ನಿಯೋಕ್ಲಾಸಿಕಲ್ ಮನುಷ್ಯನ ಕೈ. ಗಂಭೀರ, ಸ್ವಲ್ಪ ತಣ್ಣಗೆ. ನನ್ನ ಪ್ರಕಾರ ಮೂಲಕ್ಕಿಂತ ಇದೇ ಚೆನ್ನಾಗಿದ್ದಿರ್ಬೇಕು, ಚಿನ್ನದ ಮಧ್ಯೆ ಕಣ್ಣಿಗೆ ನಿಲ್ಲೋಕೆ ಒಂದು ಜಾಗ ಸಿಗುತ್ತೆ.

ಸೇಂಟ್ ಜಾರ್ಜ್ ಹಾಲ್ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು, ಕ್ವಾರೆಂಗಿಯ ಬಣ್ಣದ ಕಲ್ಲುಗಳೆಲ್ಲಾ ಬೇಡ, ಪೂರ್ತಿ ಬಿಳಿ ಆಗ್ಲಿ ಅಂತ ದೊರೆ ಹೇಳ್ದ, ಇಟಲಿಯ ಕರಾರಾದಿಂದ ಅಮೃತಶಿಲೆ ಹಡಗಲ್ಲಿ ಬಂತು. ಆ ಕಾರಣಕ್ಕೆ ಈಸ್ಟರ್ ಗಡುವಿನೊಳಗೆ ಇದು ಮುಗೀಲಿಲ್ಲ, 1840ರ ದಶಕಕ್ಕೆ ಹೋಯ್ತು. ಅಲ್ಲಿಗೆ ಹೋದ್ರೆ ನೆಲ ನೋಡಿ: 16 ಜಾತಿ ಮರದ ತುಂಡುಗಳಲ್ಲಿ ಕೂರಿಸಿದ ಚಿತ್ತಾರ, ತಲೆ ಎತ್ತಿದ್ರೆ ಚಾವಣಿಯ ಕಂಚಿನ ಅಲಂಕಾರದಲ್ಲೂ ಅದೇ ಚಿತ್ತಾರ, ಕೆಳಗಿನದ್ದು ಮೇಲೆ ಕನ್ನಡೀಲಿ ಕಂಡ ಹಾಗೆ. ಬೇರೆ ಹಾಲ್‌ಗಳಲ್ಲಿ ಬಿಳಿ ಕಲ್ಲಿನ ಹಾಗೆ ಕಾಣೋದು ಎಷ್ಟೋ ಕಡೆ ಕಲ್ಲೇ ಅಲ್ಲ, ಜಿಪ್ಸಮ್ ಗಾರೆಗೆ ಬಣ್ಣ, ಅಂಟು ಸೇರಿಸಿ ಬಳಿದು ಉಜ್ಜಿ ಉಜ್ಜಿ ಹೊಳಪು ತಂದ ಕೃತಕ ಅಮೃತಶಿಲೆ. ಇದು ಮೋಸ ಅಂತ ಆಗಿನೋರು ತಿಳ್ಕೊಳ್ತಿರ್ಲಿಲ್ಲ, ಅದೊಂದು ದೊಡ್ಡ ಕಸುಬು.

ಇನ್ನು ಬ್ರ್ಯುಲೊವ್ ಕಡೆಗೆ. ಈತ 1820ರ ದಶಕದಲ್ಲಿ ಪಾಂಪೆಗೆ ಹೋಗಿ ಅಲ್ಲಿನ ಸ್ನಾನಗೃಹಗಳನ್ನ ಅಳತೆ ಹಿಡಿದು ಪುಸ್ತಕ ಮಾಡಿದೋನು. ರಾಣಿಗೆ ಪಾಂಪೆ ಶೈಲಿಯ ಊಟದ ಕೋಣೆ ಮಾಡಿಕೊಟ್ಟಿದ್ದು ಇವನೇ, ಮೊದಲು ಹೇಳಿದ್ನಲ್ಲ ಆ ಜಾಗದಲ್ಲಿ. ಪಕ್ಕದಲ್ಲೇ ಮಾಡಿದ್ದು ಮಲಾಕೈಟ್ ಕೋಣೆ, ಇದು ಪೂರ್ತಿ ಬೇರೆ ರುಚಿ. ಯುರಲ್ ಬೆಟ್ಟಗಳ ಗಣಿಗಳಲ್ಲಿ ಆ ವರ್ಷಗಳಲ್ಲಿ ಭಾರೀ ಮಲಾಕೈಟ್ ಸಿಕ್ಕಿತ್ತು, ಹಸಿರು ಕಲ್ಲು, ಒಳಗೆ ಕಡುಹಸಿರು ತಿಳಿಹಸಿರು ಸುರುಳಿ ಸುರುಳಿ. ಕೋಣೆಗೆ ಎರಡು ಟನ್ನಿಗೂ ಹೆಚ್ಚು ಕಲ್ಲು ಬಳಸಿದ್ರು. ಆದ್ರೆ ಆ ಕಂಬಗಳು ಗಟ್ಟಿ ಮಲಾಕೈಟ್ ಅಲ್ಲ! ಆ ಕಲ್ಲು ಮೆತ್ತಗೆ, ಬಿರುಕು ಜಾಸ್ತಿ, ದೊಡ್ಡ ತುಂಡು ಸಿಗೋದೇ ಅಪರೂಪ. ಹಾಗಾಗಿ ಕಲ್ಲನ್ನ ಕೆಲವೇ ಮಿಲಿಮೀಟರ್ ದಪ್ಪದ ಹಪ್ಪಳದ ಹಾಗೆ ಕೊಯ್ದು, ಒಂದರ ಸುರುಳಿ ಇನ್ನೊಂದರ ಸುರುಳಿಗೆ ಸೇರೋ ಹಾಗೆ ಆರಿಸಿ ಆರಿಸಿ, ಬೇರೆ ಗಟ್ಟಿ ಕಲ್ಲಿನ ಕಂಬದ ಮೇಲೆ ಅಂಟಿಸ್ತಾರೆ, ಸಂದುಗಳಿಗೆ ಅದೇ ಕಲ್ಲಿನ ಪುಡಿಯ ಅಂಟು ತುಂಬಿ ಉಜ್ಜಿಬಿಟ್ರೆ ಒಂದೇ ಕಲ್ಲು ಅನ್ನಿಸುತ್ತೆ. ಇದಕ್ಕೆ ರಷ್ಯನ್ ಮೊಸಾಯಿಕ್ ಅಂತಾನೇ ಹೆಸರು. ಆಕಾರ ಎಲ್ಲಾ ನಿಯೋಕ್ಲಾಸಿಕಲ್, ಆದ್ರೆ ಬಣ್ಣ ಮತ್ತು ಚಿನ್ನ ಸೇರಿ ಕಣ್ಣು ಕುಕ್ಕುತ್ತೆ. ಕ್ಯಾಥರೀನ್ ನೋಡಿದ್ರೆ ಮುಖ ಸಿಂಡರಿಸ್ತಿದ್ಳೇನೋ. ಇಲ್ಲಿಗೆ ಆ ಹಳೇ ಸರಳತೆ ಮುಗೀತು ಅಂತ ಲೆಕ್ಕ.

ಯಾಕಂದ್ರೆ ಇಲ್ಲಿಂದ ಮುಂದೆ ಶುರುವಾಗೋದು ಹಿಸ್ಟಾರಿಸಿಸಂ, ಅಂದ್ರೆ ನಮ್ಮ ಕಾಲದ್ದೇ ಒಂದು ಶೈಲಿ ಅಂತ ಇಲ್ಲ, ಹಿಂದಿನ ಎಲ್ಲಾ ಕಾಲಗಳೂ ಮೆನು ಕಾರ್ಡಲ್ಲಿ ಇವೆ, ಕೋಣೆಗೆ ತಕ್ಕ ಹಾಗೆ ಆರ್ಡರ್ ಮಾಡಿ. ಮುದ್ರಿತ ಚಿತ್ರಗಳ ಪುಸ್ತಕಗಳು ಸುಲಭವಾಗಿ ಸಿಗೋಕೆ ಶುರುವಾಗಿದ್ವು, ಯಾವ ಕಾಲದ ಬೋದಿಗೆ ಹೇಗಿರುತ್ತೆ ಅಂತ ಯಾವ ಆರ್ಕಿಟೆಕ್ಟಿಗಾದ್ರೂ ಗೊತ್ತಿತ್ತು. ಎರಡನೇ ಅಲೆಕ್ಸಾಂಡರ್‌ನ ಹೆಂಡತಿ ಮಾರಿಯಾಳ ಕೋಣೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತೆ. ಗೋಡೆ ತುಂಬಾ ಚಿನ್ನ ಮೆತ್ತಿರೋ ಒಂದು ಬೈಠಕ್ ಕೋಣೆ, ಅದರಿಂದ ಸ್ವಲ್ಪ ದೂರದಲ್ಲೇ 1853ರಲ್ಲಿ ಹರಾಲ್ಡ್ ಬೊಸ್ಸೆ ಮಾಡಿದ ಕೆಂಪು ಬಟ್ಟೆಯ ಪುಟ್ಟ ಖಾಸಗಿ ಕೋಣೆ, ಇದು ರೊಕೊಕೊ. ರೊಕೊಕೊ ಅಂದ್ರೆ ಬಾರೋಕ್‌ನ ತುಂಟ ತಂಗಿ, ದೊಡ್ಡ ಗೋಡೆ ಬೇಡ, ಸಣ್ಣ ಕೋಣೆ ಸಾಕು, ಚಿಪ್ಪು, ಬಳ್ಳಿ, ಎಡಬಲ ಒಂದೇ ಥರ ಇರ್ಬೇಕು ಅಂತ ಹಠ ಇಲ್ಲ. ಅದು ಮೂಲತಃ 1730-50ರ ಫ್ರಾನ್ಸಿನ ಶೈಲಿ, ಇಲ್ಲಿ ನೂರು ವರ್ಷ ಆದ್ಮೇಲೆ ಎರಡನೇ ಸಲ ಹುಟ್ಟಿದೆ.

ಈ ಕಲಬೆರಕೆಯ ತುತ್ತತುದಿ ಅಂದ್ರೆ ಸಣ್ಣ ಹರ್ಮಿಟೇಜಿನ ಪೆವಿಲಿಯನ್ ಹಾಲ್, ಸ್ಟಾಕೆನ್‌ಶ್ನೈಡರ್ 1850ರ ದಶಕದಲ್ಲಿ ಮಾಡಿದ್ದು. ಕಮಾನು ರಿನೈಸಾನ್ಸ್, ಅಂದ್ರೆ ಬಾರೋಕ್‌ಗೂ ಹಿಂದಿನ 15-16ನೇ ಶತಮಾನದ ಇಟಲಿ ಶೈಲಿ, ಕಾರಂಜಿ ಮುಸ್ಲಿಂ ಅರಮನೆಗಳ ನೆನಪು, ನೆಲದಲ್ಲಿ ಪ್ರಾಚೀನ ರೋಮನ್ ಸ್ನಾನಗೃಹದ ಮೊಸಾಯಿಕ್‌ನ ಪ್ರತಿ, ಮೇಲಿಂದ ಇಳಿಬಿದ್ದ ಸಾಲು ಸಾಲು ಗೊಂಚಲು ದೀಪ, ಮಧ್ಯೆ 18ನೇ ಶತಮಾನದ ಇಂಗ್ಲಿಷ್ ನವಿಲಿನ ಗಡಿಯಾರ. ಬರೆದ್ರೆ ಹುಚ್ಚು ಅನ್ನಿಸುತ್ತೆ, ಆದ್ರೆ ಎಲ್ಲಾ ಬಿಳಿ ಮತ್ತು ಚಿನ್ನದ ಒಂದೇ ಬಣ್ಣದಲ್ಲಿ ಕಟ್ಟಿಹಾಕಿರೋದ್ರಿಂದ ಜಗಳ ಆಡಲ್ಲ. ಈಗಿನ ಇಂಟೀರಿಯರ್ ಡಿಸೈನರ್‌ಗಳು ಕಲಿಯೋ ವಿಷಯ ಇದು.

ಕೊನೇ ದೊರೆ ಎರಡನೇ ನಿಕೊಲಸ್ 1894ರಲ್ಲಿ ಮದುವೆಯಾಗಿ ಬಂದಾಗ ಅವನ ಮನೆಯ ಕೋಣೆಗಳನ್ನ ಸಿದ್ಧಮಾಡಿದ್ದು ಕ್ರಾಸೊವ್‌ಸ್ಕಿ. ಆ ಸಾಲಲ್ಲಿ ಒಂದು ಗೋಥಿಕ್ ಲೈಬ್ರರಿ, ವಾಲ್ನಟ್ ಮರದ್ದು, ಎತ್ತರದ ಕಪಾಟು, ಮೇಲೆ ಮೊಗಸಾಲೆ, ದೊಡ್ಡ ಬೆಂಕಿಗೂಡು, ಮಧ್ಯಯುಗದ ಇಂಗ್ಲಿಷ್ ಮನೆಗೆ ಬಂದ ಹಾಗೆ. ಅದೇ ವರ್ಷ, ಅದೇ ಆರ್ಕಿಟೆಕ್ಟ್, ನಾಲ್ಕು ಹೆಜ್ಜೆ ಆಚೆ ನಮ್ಮ ಬಿಳಿ ರೊಕೊಕೊ ಊಟದ ಕೋಣೆ, ಬ್ರ್ಯುಲೊವ್‌ನ ಪಾಂಪೆಯನ್ನ ತೆಗೆದುಹಾಕಿ. ಓದೋಕೆ ಗಂಭೀರ ಮರ, ಊಟಕ್ಕೆ ಹಗುರ ಬಿಳಿ. ಶೈಲಿ ಅನ್ನೋದು ಕಾಲದ ಗುರುತಾಗಿದ್ದಿದ್ದು ಈಗ ಮೂಡಿನ ಗುರುತಾಗಿದೆ. ಇಷ್ಟೆಲ್ಲಾ ಮಾಡಿಸ್ಕೊಂಡು ಅವರು ಅಲ್ಲಿದ್ದಿದ್ದು ಹತ್ತು ವರ್ಷಕ್ಕೂ ಕಡಿಮೆ, ಆಮೇಲೆ ಊರಾಚೆಯ ಅರಮನೆಗೆ ಹೋಗಿ ನೆಲೆಸಿದ್ರು.

ಹೊರಗಿನ ಗೋಡೆ? ಆಕಾರ ರಾಸ್ಟ್ರೆಲ್ಲಿದೇ, ಬಣ್ಣ ಮಾತ್ರ ಒಬ್ಬೊಬ್ಬರ ಕಾಲಕ್ಕೆ ಒಂದೊಂದು. ಮೊದಲು ತಿಳಿ ಮರಳು ಹಳದಿ ಮೇಲೆ ಬಿಳಿ ಕಂಬ. 20ನೇ ಶತಮಾನದ ಶುರೂಲಿ ಪೂರ್ತಿ ಇಟ್ಟಿಗೆ ಕೆಂಪು, ಕಂಬ ಗೋಡೆ ಎಲ್ಲಾ ಒಂದೇ ಬಣ್ಣ, ರಾಸ್ಟ್ರೆಲ್ಲಿ ಕಷ್ಟಪಟ್ಟು ಮಾಡಿದ ನೆರಳು ಬೆಳಕಿನ ಆಟ ಎಲ್ಲಾ ನೀರುಪಾಲು. ನಾವು ಫೋಟೋದಲ್ಲಿ ನೋಡೋ ಹಸಿರು ಬಿಳಿ ಎರಡನೇ ಮಹಾಯುದ್ಧ ಮುಗಿದ್ಮೇಲೆ ಬಂದಿದ್ದು. 1917ರ ಕ್ರಾಂತಿಯ ದೃಶ್ಯ ಅಂತ ಯಾರಾದ್ರೂ ಹಸಿರು ಅರಮನೆ ಬಿಡಿಸಿದ್ರೆ ಅದು ತಪ್ಪು, ಆಗ ಅದು ಕೆಂಪಗಿತ್ತು. ಮಾಳಿಗೆ ಮೇಲಿನ ಕಲ್ಲಿನ ಮೂರ್ತಿಗಳೂ ಚಳಿ ಮಂಜಿಗೆ ಸೀಳಿ ಹೋಗಿ, 1890ರ ದಶಕದಲ್ಲಿ ತಾಮ್ರದ ತಗಡು ಬಡಿದು ಮಾಡಿದ ಟೊಳ್ಳು ಮೂರ್ತಿಗಳು ಅವುಗಳ ಜಾಗಕ್ಕೆ ಬಂದ್ವು.

1915ರಲ್ಲಿ ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಅಂತ ಇದೇ ದರಬಾರಿನ ಹಾಲ್‌ಗಳಲ್ಲಿ ಆಸ್ಪತ್ರೆ ಮಾಡಿದ್ರು, ಅಲಂಕಾರದ ಗೋಡೆಗಳನ್ನ ಬಟ್ಟೆಯಿಂದ ಮುಚ್ಚಿ ಸಾಲಾಗಿ ಮಂಚ ಹಾಕಿದ್ರು. ಸೋವಿಯತ್ ಕಾಲದಲ್ಲಿ ದೊರೆ ಮನೆಯೋರ ಎಷ್ಟೋ ಖಾಸಗಿ ಕೋಣೆಗಳ ಅಲಂಕಾರ ಹೋಯ್ತು, ಚಿತ್ರ ತೂಗುಹಾಕೋಕೆ ಖಾಲಿ ಗೋಡೆ ಬೇಕಿತ್ತು. ಸೇಂಟ್ ಜಾರ್ಜ್ ಹಾಲಲ್ಲಿ ಸಿಂಹಾಸನ ತೆಗೆದು ಅದರ ಜಾಗದಲ್ಲಿ ಬಣ್ಣದ ಕಲ್ಲುಗಳಲ್ಲಿ ಮಾಡಿದ ಸೋವಿಯತ್ ಒಕ್ಕೂಟದ ನಕ್ಷೆ ನಿಲ್ಲಿಸಿದ್ರು, ಈಗ ನಕ್ಷೆ ಹೋಗಿ ಸಿಂಹಾಸನ ವಾಪಸ್ ಬಂದಿದೆ.

ಹೋಗೋ ಅವಕಾಶ ಸಿಕ್ಕಿದ್ರೆ ದಾರಿ ಹೀಗಿರ್ಲಿ: ಜೋರ್ಡನ್ ಮೆಟ್ಟಿಲು ಹತ್ತಿ, ನೇವಾ ಕಡೆಯ ಮೂರು ಬಿಳಿ ಹಾಲ್ ದಾಟಿ, ಮಲಾಕೈಟ್ ಕೋಣೆಗೆ ಬನ್ನಿ, 1917ರ ಬೇಸಿಗೆಯಿಂದ, ದೊರೆ ಪಟ್ಟ ಬಿಟ್ಟ ಮೇಲೆ ಬಂದ ತಾತ್ಕಾಲಿಕ ಸರ್ಕಾರದ ಮಂತ್ರಿಗಳು ಸಭೆ ಮಾಡ್ತಿದ್ದಿದ್ದು ಅಲ್ಲೇ. ಅಲ್ಲಿಂದ ಪಕ್ಕದ ಬಾಗಿಲು ನಮ್ಮ ಬಿಳಿ ಊಟದ ಕೋಣೇದು. ಆ ವರ್ಷ ಹಳೇ ಕ್ಯಾಲೆಂಡರಿನ ಅಕ್ಟೋಬರ್ 25ರ ರಾತ್ರಿ ಕಳೆದು 26 ಆದ್ಮೇಲೆ ಬೊಲ್ಶೆವಿಕರು, ಅಂದ್ರೆ ಲೆನಿನ್ನನ ಕ್ರಾಂತಿಕಾರಿ ಪಕ್ಷದೋರು, ಆ ಮಂತ್ರಿಗಳನ್ನ ಹಿಡಿದಿದ್ದು ಇಲ್ಲಿ. ಬೆಂಕಿಗೂಡಿನ ಮೇಲೊಂದು ಗಡಿಯಾರ ಇದೆ. ಅದನ್ನ 2 ಗಂಟೆ 10 ನಿಮಿಷಕ್ಕೆ ನಿಲ್ಲಿಸಿ ಹಾಗೇ ಬಿಟ್ಟಿದ್ರು, ಸೋವಿಯತ್ ಕಾಲದಲ್ಲಿ ಶಾಲೆ ಮಕ್ಕಳನ್ನೆಲ್ಲಾ ಕರ್ಕೊಂಡು ಬಂದು ತೋರಿಸ್ತಿದ್ರು. ನೂರು ವರ್ಷ ಆದಾಗ, 2017ರಲ್ಲಿ, ಮ್ಯೂಸಿಯಮ್ಮಿನೋರು ಅದಕ್ಕೆ ಕೀ ಕೊಟ್ಟು ಮತ್ತೆ ಓಡಿಸಿದ್ರು.